ಅಟ್ಟದ ಬಾಣಂತಿ

ನಮ್ಮ ಮಾಮಾ ಮನುಷ್ಯರ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಹೆಗ್ಗಣದ ಬಗ್ಗೆ ಆಡಿದ್ದನ್ನು ಬೇಕಾದಷ್ಟು ಕೇಳಿದ್ದೇನೆ. ನನ್ನ ಮದುವೆಯಾದ ಹೊಸದರಲ್ಲಿ ಗಂಡನನ್ನು ಕರೆದುಕೊಂಡು ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಹೊಸ ಅಳಿಯನನ್ನು ಹಿತ್ತಲಿಗೆ ಕರೆದೊಯ್ದು ಒಂದು ಬಿಲ ತೋರಿಸಿ, "ನೋಡ್ರಿ, ಇದನ್ನ ಒಂದ ಹೆಗ್ಗಣ ಒಬ್ಬಂಟಿಯಾಗಿ ತೋಡ್ಯಾದ. ನಿಮ್ಮ ಕೈಲೆ ಆಗ್ತದೇನು?" ಎಂದು ಕೇಳಿದ. ನನ್ನ ಗಂಡ ಬ್ಯಾಂಕಿನಲ್ಲಿ ಗುಮಾಸ್ತರು. "ಅವರ ಕೆಲಸ ಅದಲ್ಲ ಮಾಮಾ" ಎಂದು ನಾನು ಅಡ್ಡ ಬಂದೆ. "ಅದಕ್ಕೇ ಕೇಳಿದೆ" ಎಂದ. ಆ ದಿನದಿಂದ ನನ್ನ ಗಂಡ ಅವನ ಮನೆಗೆ ಹೋಗಬೇಕೆಂದರೆ ಹೊಟ್ಟೆನೋವು ಎನ್ನುತ್ತಾರೆ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಇರುವುದು ಬಸವಕಲ್ಯಾಣದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಅಂಗಡಿ ಇದೆ. ಹಗ್ಗ, ಕುಡಗೋಲು, ಸಲಿಕೆ, ಮೊಳೆ, ಜೊತೆಗೆ ಇಲಿ ಬೋನು. ಉಳಿದದ್ದನ್ನೆಲ್ಲ ಮಾರುತ್ತಾನೆ. ಇಲಿ ಬೋನು ಕೇಳಿಕೊಂಡು ಬಂದವರ ಗತಿ ಮಾತ್ರ ಕೇಳಬೇಡಿ.

"ಇಲಿ ಎಷ್ಟವ?"

"ಒಂದ ಅದ ರೀ."

"ಒಂದ ಇಲಿ ಎಷ್ಟ ತಿಂತದೋ? ನಿನ್ನ ತಾಟಿನ್ಯಾಗ ಉಳದ ಅಗಳ ಅದರ ಹಬ್ಬದೂಟ. ನಡಿ ಮನಿಗಿ."

ಹೀಗೆ ವ್ಯಾಪಾರ ಮಾಡಿ ಯಾರಾದರೂ ಉದ್ಧಾರವಾದಾರೇ? ಒಮ್ಮೆ ಗೋಡೆಗೆ ತೂಗುಹಾಕಿದ ಬೋನೊಂದರಲ್ಲಿ ಗುಬ್ಬಿ ಗೂಡು ಕಟ್ಟಿತು. ಅಂದಿನಿಂದ ಉಳಿದ ಬೋನುಗಳನ್ನೂ ಇಳಿಸಿಲ್ಲ. ಗುಬ್ಬಿಯ ಬೀಗರು ಬಂದರೆ ಇಳಿದುಕೊಳ್ಳಲು ಜಾಗ ಬೇಕಂತೆ.

ಮನೆಯ ಹಿಂದೆ ಅಗಲವಾದ ಹಿತ್ತಲಿದೆ. ಪೇರಲ, ಸೀತಾಫಲ, ದಾಳಿಂಬೆ, ಮೂಲೆಯಲ್ಲೊಂದು ಮುದಿ ಹುಣಸೆಮರ. ಗೋಡೆಯಾಚೆ ನೋಡಿದರೆ ಕೋಟೆ. ಕೋಟೆಯಲ್ಲಿ ವಾಸ, ಮಾಮಾನ ಹಿತ್ತಲಲ್ಲಿ ಊಟ, ಇದು ಅಲ್ಲಿನ ಮುಸುವಗಳ, ಅಂದರೆ ಕರಿಮೋರೆ ಕೋತಿಗಳ ದಿನಚರಿ. ಮಾಮಾನ ಅಪ್ಪ ನಿರ್ಣಾ ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದವರು. ಸುಗ್ಗಿಯಲ್ಲಿ ರಾಶಿ ಆದಮೇಲೆ, ವರ್ಷವೆಲ್ಲ ಕೈಕೆಲಸ ಮಾಡಿಕೊಟ್ಟವರಿಗೆ ಕಣದಲ್ಲೇ ಪಾಲು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಾರೆ. ಮುಂದೆ ಹೊಲ ದೊಡ್ಡ ಮಾಮಾನ ಪಾಲಿಗೆ ಹೋಯಿತು. ಆಯ ಕೊಡುವ ಚಟ ಈ ಮಾಮಾನ ಪಾಲಿಗೆ ಬಂತು. ಪೇರಲ ಗಿಡದ ಮೇಲಿನ ಅರ್ಧ ಮುಸುವಗಳ ಆಯ. ದಾಳಿಂಬೆ ಗಿಳಿಗಳದು. ಸೀತಾಫಲ ಬಾವಲಿಗಳದು. ಅವು ತಿಂದು ಬೇಸತ್ತು ಬಿಟ್ಟದ್ದು ಮನೆಯವರದು. "ನಮ್ಮ ಹಿತ್ತಲದ ಸೀತಾಫಲ ಹ್ಯಾಂಗಿರ್ತದ ಅಂತ ನನಗ ಗೊತ್ತಿಲ್ಲವ್ವಾ. ನಾ ತಿನ್ನೋದು ಬಜಾರದ್ದು" ಎಂದು ಅತ್ತಿ, ಅಂದರೆ ಮಾಮಾನ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಾಳೆ.

ಹಣ್ಣಿನ ಮಾತು ಬಿಡಿ, ಬಟ್ಟೆಯಲ್ಲೂ ಆಯ! ಒಮ್ಮೆ ಅಳಿಲೊಂದು ಹಗ್ಗದ ಮೇಲೆ ಒಣಹಾಕಿದ ಅವನ ಬನಿಯನ್ನನ್ನು ಪರಪರ ಹರಿದು ಗೂಡಿಗೆ ಒಯ್ಯುತ್ತಿತ್ತು. ನಾನು ಹಚಾ ಎಂದು ಓಡಿಸಲು ಹೋದರೆ ಮಾಮಾ ನನ್ನನ್ನೇ ತಡೆದು, ಮೈಮೇಲಿದ್ದ ಬನಿಯನ್ನನ್ನೂ ಕಳಚಿ ಹಗ್ಗಕ್ಕೆ ಹಾಕಿದ. "ಹಾಸಗಿ ಆತು. ಹೊದಿಕಿ ಬ್ಯಾಡೇನು ಅದಕ?"

ಇಂಥ ಮನೆಯ ಒಬ್ಬಳೇ ಮಗಳು ಸುವರ್ಣಾ. ಅವಳಿಗೆ ಹುಮನಾಬಾದಿನಲ್ಲಿ ಸಂಬಂಧ ಕುದುರಿಸಿದವಳು ನಾನು. ನಾನೂ ಹುಮನಾಬಾದಿನ ಸೊಸೆಯೇ. ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಸುವರ್ಣಾನ ಗಂಡನ ಮನೆ. ಹುಡುಗ ಬಂಗಾರ. ಅವನ ತಾಯಿ, ಅಂದರೆ ಮಾಮಾನಿಗೆ ಬೀಗತಿ, ಕಡಕ್ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಕ್ಕಳನ್ನು ದಡ ಮುಟ್ಟಿಸಿದವಳು. ಅವಳ ಮನೆಯ ಅಂಗಳದಲ್ಲಿ ಹುಲ್ಲುಕಡ್ಡಿ ಕೂಡ ಪರವಾನಗಿ ಇಲ್ಲದೆ ಬೀಳುವುದಿಲ್ಲ. ತರಕಾರಿ ಗಾಡಿಯವನು ಅವಳ ಬಾಗಿಲು ಬಂದರೆ ಕೂಗುವುದನ್ನು ನಿಲ್ಲಿಸಿ ಕೆಮ್ಮುತ್ತಾನೆ. ಇಂಥವಳನ್ನೂ ನಮ್ಮ ಮಾಮಾನನ್ನೂ ಬೀಗರು ಮಾಡಿದ ನನ್ನ ಬುದ್ಧಿಗೆ ಏನನ್ನೋಣ?

ಮದುವೆಯಾದ ಮೇಲೆ ಬೀಗತಿ ಮೊದಲ ಸಲ ಬಸವಕಲ್ಯಾಣಕ್ಕೆ ಬಂದಳು. ಅತ್ತಿ ಹೋಳಿಗೆ ಮಾಡಿದ್ದಳು. ಹಿಂದಿನ ಪಡಸಾಲೆಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಅಲ್ಲೇ ಮಣೆ ಹಾಕಿದರು. ಬೀಗತಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡಳು. ಮುರಿಯಬೇಕೆಂದು ಕೈ ಚಾಚುವಷ್ಟರಲ್ಲಿ ಕಪ್ಪು ಮೋರೆಯ ಒಂದು ದೊಡ್ಡ ಮುಸುವ ಗೋಡೆಯಿಂದ ಇಳಿದು ಬಂದು, ಗಡಿಬಿಡಿಯಿಲ್ಲದೆ ಹೋಳಿಗೆ ಎತ್ತಿಕೊಂಡು, ತುಪ್ಪ ಸೋರದ ಹಾಗೆ ಮಡಚಿ, ಮರ ಹತ್ತಿತು. ಬೀಗತಿಯ ಕೈ ಚಾಚಿದಲ್ಲೇ ಉಳಿಯಿತು. ಮಾಮಾ ಸಮಾಧಾನದಿಂದ ಹೇಳಿದ:

"ಅದರದೇನೂ ತಪ್ಪಿಲ್ರಿ ಬೀಗತೇರ. ನೀವ ಅದರ ಜಾಗಾದಾಗ ಕುಂತೀರಿ."

ಆ ಮೇಲೆ ಬೀಗತಿ ಆ ಊರಿಗೆ ಕಾಲಿಡಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ತತ್ತಿಯ, ಅಂದರೆ ಕೋಳಿಮೊಟ್ಟೆಯ ಪ್ರಕರಣ ನಡೆಯಿತು. ಹಿತ್ತಲಿನ ಮುಂಗುಸಿಗೆ ಮಾಮಾ ಚೌಕೀದಾರನ ಹುದ್ದೆ ಕೊಟ್ಟಿದ್ದ. ಹಾವು ಬರದಂತೆ ನೋಡಿಕೊಳ್ಳುವುದು ಅದರ ಕೆಲಸ. ಕೆಲಸ ಮಾಡಿದವನಿಗೆ ಆಯ ಕೊಡಬೇಕಲ್ಲ? ರೊಟ್ಟಿ ಇಟ್ಟ, ಮುಂಗುಸಿ ಮೂಸಿ ನೋಡಿ ಹೋಯಿತು. ಪುಂಡಿಪಲ್ಯ ಇಟ್ಟ, ಮೂಸಲೂ ಇಲ್ಲ. ಅದಕ್ಕೆ ತತ್ತಿ ಅಂದರೆ ಪ್ರಾಣ ಎಂದು ಯಾರೋ ಹೇಳಿದರು. ಈಗ ಬಂತು ನೋಡಿ ಪೇಚು! ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ, ಹಣೆ ತುಂಬ ವಿಭೂತಿ, ಬಸವಕಲ್ಯಾಣದ ಯಾವ ಅಂಗಡಿಯಲ್ಲಿ ನಿಂತು ತತ್ತಿ ಕೇಳಬೇಕು? ಗುರುತಿನವರ ಕಣ್ಣು ತಪ್ಪಿಸಬೇಕೆಂದು ಬಸ್ಸು ಹತ್ತಿ, ಹುಮನಾಬಾದು ದಾಟಿ, ಮನ್ನಾಏಖೇಳ್ಳಿಯವರೆಗೂ ಹೋದ. ಅಲ್ಲಿ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ತತ್ತಿ ಕೊಂಡು, ಜೋಳದ ಹಿಟ್ಟು ತುಂಬಿದ ಡಬ್ಬಿಯಲ್ಲಿ ಒಂದೊಂದಾಗಿ ಹೂಳುತ್ತಿದ್ದಾಗ ಹಿಂದಿನಿಂದ, "ಶರಣ್ರಿ, ನೀವೇನಿಲ್ಲಿ?" ಎಂಬ ದನಿ ಕೇಳಿತು. ತಿರುಗಿ ನೋಡಿದರೆ ಬೀಗತಿಯ ಮೈದುನ, ಬಸ್ಸಿಗೆ ಕಾಯುತ್ತ ನಿಂತಿದ್ದಾನೆ.

ಅಂದು ಸಂಜೆಯೇ ಬೀಗತಿ ನಮ್ಮ ಮನೆ ಬಾಗಿಲಲ್ಲಿ ನಿಂತಳು. "ನಿಮ್ಮ ಮಾಮಾ ತತ್ತಿ ತಿಂತಾರಂತ, ಖರೇ ಏನು?"

ನಾನು ಮಾಮಾನಿಗೆ ಫೋನು ಹಚ್ಚಿದೆ. "ನಾ ತಿಂದಿಲ್ಲಂತ ಹೇಳು" ಎಂದ.

"ಮತ್ತ ಯಾರ ತಿಂದ್ರು ಅಂತ ಹೇಳ್ಲಿ?"

"ಚೌಕೀದಾರ ತಿಂದಾನಂತ ಹೇಳು."

ಚೌಕೀದಾರನೆಂದರೆ ಯಾರೆಂದು ನಾನು ಬಿಡಿಸಿ ಹೇಳಬೇಕಾಯಿತು. ವಿಭೂತಿ ಹಚ್ಚಿಕೊಂಡ ಮನುಷ್ಯ ಮುಂಗುಸಿಯ ಸಲುವಾಗಿ ಮನ್ನಾಏಖೇಳ್ಳಿಗೆ ಹೋಗಿ ತತ್ತಿ ತಂದ ಕಥೆಯನ್ನೆಲ್ಲ ಬೀಗತಿ ಕೇಳಿಸಿಕೊಂಡಳು. "ಇದರಕಿಂತ ಅವರೇ ತಿಂದಿದ್ರ ಛಲೋ ಇತ್ತವ್ವಾ" ಎಂದು ಎದ್ದುಹೋದಳು.

ಇಲ್ಲಿಯವರೆಗೆ ನಗುವ ಮಾತಾಯಿತು. ನಗು ನಿಂತದ್ದು ಸುವರ್ಣಾ ಬಸುರಿಯಾದ ಮೇಲೆ.

ನಮ್ಮ ಕಡೆ ಚೊಚ್ಚಿಲು ಬಾಣಂತನ ತವರಿನಲ್ಲೇ ಆಗಬೇಕು. ಹೆರಿಗೆ ದವಾಖಾನೆಯಲ್ಲಾದರೂ ಬಾಣಂತಿ ಮಲಗುವುದು ತಾಯಿಯ ಮನೆಯಲ್ಲಿ. ಏಳು ತಿಂಗಳಿಗೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಕುಬಸ ಮಾಡಿ, ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಮಾಮಾ, ಅತ್ತಿ ಬುತ್ತಿ ಕಟ್ಟಿಕೊಂಡು ಬಂದು ಕುಬಸವನ್ನೇನೋ ಚೆಂದಾಗಿ ಮಾಡಿದರು. ಹೊರಡುವ ಹೊತ್ತಿಗೆ ಬೀಗತಿ ಅಂದಳು:

"ಸೊಸಿ ಎಲ್ಲಿಗೂ ಬರೂದಿಲ್ರಿ. ಅದು ಮನಿಯಲ್ಲ, ಅಡವಿ. ಹಸಗೂಸು ಅಲ್ಲಿ ಮಲಗ್ತದೇನು?"

ಬೀಗತಿಯ ಮಾತು ಸುಳ್ಳೆನ್ನಲು ನನಗೆ ಬಾಯಿಲ್ಲ. ಆದರೆ ಸುವರ್ಣಾ ಮರುದಿನ ನಮ್ಮ ಅಡುಗೆಮನೆಗೆ ಬಂದು, ಹಿಟ್ಟು ನಾದುತ್ತಿದ್ದ ನನ್ನ ಮುಂದೆ ಕೂತು ಅತ್ತಳು. "ಅಕ್ಕಾ, ನಾ ನಮ್ಮ ಮನಿಗಿ ಹೋಗ್ಬೇಕು. ನನಗ ನಮ್ಮವ್ವ ಬೇಕು. ಹ್ಯಾಂಗರೆ ಮಾಡು." ಗಂಡನ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಆ ಸಮಯದಲ್ಲಿ ತಾಯಿ ಬೇಕೆನಿಸುವುದನ್ನು ಯಾರು ಬೇಡ ಅಂದಾರು? ಸಂಬಂಧ ಮಾಡಿಸಿದ ತಪ್ಪಿಗೆ ನಾನೇ ವಕೀಲಳಾದೆ. ಎರಡೂ ಮನೆಗೆ ಓಡಾಡಿ, ಕಾಲು ನೋಯಿಸಿಕೊಂಡು, ಕಡೆಗೆ ಬೀಗತಿಯನ್ನು ಒಪ್ಪಿಸಿದೆ. ಬಾಣಂತಿ ಮಲಗುವ ಖೋಲಿಗೆ ಬಣ್ಣ ಬಳಿಸಬೇಕು. ಹಿತ್ತಲ ಬಾಗಿಲು ಮುಚ್ಚಿರಬೇಕು. "ಮತ್ತ ಕೇಳ್ರಿ," ಎಂದಳು ಬೀಗತಿ. "ಆ ಮನಿಯೊಳಗ ನಾಲ್ಕ ಕಾಲಿಂದು ಅಂದ್ರ ಮಂಚ ಒಂದೇ ಇರಬೇಕು."

ಮಗಳಿಗಾಗಿ ಮಾಮಾ ಎಲ್ಲದಕ್ಕೂ ತಲೆಯಾಡಿಸಿದ. ಬಾಣಂತಿ ಖೋಲಿಗೆ ತಾನೇ ನಿಂತು ಬಣ್ಣ ಬಳಿಸಿದ. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ. ಆಯವನ್ನೆಲ್ಲ ಗೋಡೆಯಾಚೆ ಇಡತೊಡಗಿದ. ಕರೆದೊಯ್ಯಲು ಮುಂದಿನ ಸೋಮವಾರ ಒಳ್ಳೆಯ ದಿನವೆಂದು ಗೊತ್ತಾಯಿತು, ಬಾಡಿಗೆ ಗಾಡಿಯೂ ಗೊತ್ತಾಯಿತು. ಸುವರ್ಣಾ ಚೀಲ ಕಟ್ಟಿ ಮಂಚದ ಕೆಳಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಅತ್ತಿಯ ಫೋನು ಬಂತು. ದನಿ ತಗ್ಗಿಸಿ, "ನಿಮ್ಮ ಮಾಮಾ ಕದ್ದು ಪಲಾವ್ ತಿನ್ನಾಕತ್ತಾರ" ಎಂದಳು.

"ಏನ್ ಹೇಳಾಕತ್ತಿ ಅತ್ತಿ?"

"ಬಾಣಂತಿ ಖೋಲ್ಯಾಗ ಘಮ್ಮಂತ ಬಾಸಮತಿ ಅಕ್ಕಿ ವಾಸನಿ ಬರ್ತದ. ನಾ ಆ ಅಕ್ಕಿ ಮನಿಗಿ ತಂದೇ ಇಲ್ಲ. ಎಲ್ಲಿಂದರೆ ತರಸ್ತಾರ, ಅಲ್ಲಿ ಕುಂತು ತಿಂತಾರ. ಮೊದಲ ತತ್ತಿ, ಈಗ ಪಲಾವ್. ಅದರಾಗ ಏನ ಹಾಕಿರ್ತಾರೋ ಏನೋ. ಇಜ್ಜತ್ ಹೋಗೂದೊಂದು ಬಾಕಿ ಅದ."

ಭಾನುವಾರ ಮುಂಜಾನೆ ನಾನು ಬಸ್ಸು ಹತ್ತಿ ಹೋದೆ. ಖೋಲಿಗೆ ಕಾಲಿಟ್ಟರೆ ನಿಜವಾಗಿಯೂ ಅನ್ನ ಬೇಯುವ ವಾಸನೆ. ಒಲೆಯಿಲ್ಲ, ಪಾತ್ರೆಯಿಲ್ಲ, ವಾಸನೆ ಮಾತ್ರ ಇದೆ. ಮಾಮಾ ಮೂಗರಳಿಸಿ ಎರಡು ಸಲ ಎಳೆದುಕೊಂಡ. ಏಣಿ ಹಾಕಿ ಅಟ್ಟ ಹತ್ತಿ, ಬ್ಯಾಟರಿ ಬಿಟ್ಟು ನೋಡಿ, ಸದ್ದಾಗದಂತೆ ಇಳಿದು ಬಂದ.

"ಹಡದಾಳ" ಎಂದ.

"ಯಾರು?" ಎಂದಳು ಅತ್ತಿ.

"ಕಬ್ಬೆಕ್ಕು."

ಪುಸ್ತಕದಲ್ಲಿ ಪುನುಗು ಬೆಕ್ಕು ಅನ್ನುತ್ತಾರಲ್ಲ, ಅದರ ಜಾತಿಯದು. ಉದ್ದ ಬಾಲ, ಚೂಪು ಮೂತಿ, ಕಣ್ಣ ಸುತ್ತ ಕಾಡಿಗೆ ಬಳಿದಂಥ ಕಪ್ಪು. ಹುಣಸೆಮರದಲ್ಲಿ ಇರುತ್ತಿತ್ತಂತೆ. ಅದು ಓಡಾಡಿದಲ್ಲೆಲ್ಲ ಬೆಂದ ಅಕ್ಕಿಯ ವಾಸನೆ ಬರುತ್ತದೆಂದು ಮಾಮಾನಿಗೆ ಮೊದಲೇ ಗೊತ್ತು. ಹಿತ್ತಲ ಬಾಗಿಲು ಮುಚ್ಚಿದ್ದೇನೋ ಸರಿ. ಹಂಚಿನ ಸಂದಿಗೆ ಅಗಳಿ ಹಾಕಿದವರು ಯಾರು? ಊರಲ್ಲಿ ಅಷ್ಟೊಂದು ಅಟ್ಟಗಳಿದ್ದರೂ ಹುಡುಕಿಕೊಂಡು ಬಂದು, ಹೊಸ ಬಣ್ಣ ಬಳಿದ ಬಾಣಂತಿ ಖೋಲಿಯ ಮೇಲೆಯೇ ಮೂರು ಮರಿ ಹಾಕಿತ್ತು.

"ಮಗಳ ಬೇಕೋ, ಬೆಕ್ಕ ಬೇಕೋ, ಹೇಳ್ರಿ" ಎಂದಳು ಅತ್ತಿ. "ಹೊಗಿ ಹಾಕಿದ್ರ ತಾನೇ ಹೋಗ್ತದ ಮಾಮಾ" ಎಂದು ನಾನು ಹೇಳಿದೆ. "ಮರಿ ಇನ್ನಾ ಕಣ್ಣ ಬಿಟ್ಟಿಲ್ಲವ್ವಾ. ಎತ್ತಕೊಂಡು ಎಲ್ಲಿಗಿ ಹೋಗ್ಬೇಕು ಅದು?" ಎಂದ. "ಹಂಗಾದ್ರ ಬೀಗತೇರಿಗಿ ಹೇಳೂದ ಬ್ಯಾಡ. ಮರಿ ದೊಡ್ಡವಾದ್ರ ತಾವೇ ಹೋಗ್ತಾವ" ಎಂದೆ. ಅದಕ್ಕೂ ಒಪ್ಪಲಿಲ್ಲ. "ಮಾತ ಕೊಟ್ಟೀನಿ" ಎಂದು ಹೇಳಿ ಹಿತ್ತಲ ಮೆಟ್ಟಿಲ ಮೇಲೆ ಗೋಡೆ ನೋಡುತ್ತ ಕೂತ.

ಇವರಿಂದ ಆಗುವ ಕೆಲಸವಲ್ಲವೆಂದು ಅತ್ತಿ ಸೆರಗು ಕಟ್ಟಿದಳು. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಮೇಲೆ ಬೇವಿನ ಸೊಪ್ಪು ಒಟ್ಟಿ, "ನಾ ಹಡದ ಮಗಳು, ನಾ ನೋಡ್ಕೋತೀನಿ" ಎಂದು ಏಣಿ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದುಕೊಂಡೆ. ಅವಳ ತಲೆ ಅಟ್ಟದೊಳಗೆ ಮರೆಯಾಯಿತು. ಮೇಲಿನಿಂದ ಬೈಗುಳ ಕೇಳಲಿಲ್ಲ, ಹೊಗೆಯೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಇಳಿದು ಬಂದವಳೇ ಬಚ್ಚಲಿಗೆ ಹೋಗಿ ಕೆಂಡದ ಮೇಲೆ ನೀರು ಸುರಿದಳು.

"ಏನಾತು ಅತ್ತಿ?"

"ಹಾಲ ಕುಡಸಾಕತ್ತದ" ಎಂದಳು. ಆಮೇಲೆ ದೇವರ ಮುಂದಿನ ಬಾಳೆಹಣ್ಣು ತೆಗೆದುಕೊಂಡು ಹೋಗಿ ಅಟ್ಟದ ಅಂಚಿನಲ್ಲಿಟ್ಟು ಬಂದಳು.

ಸೋಮವಾರ ಬಾಡಿಗೆ ಗಾಡಿ ಹುಮನಾಬಾದಿಗೆ ಬಂತು. ಮಾಮಾ ಮೊದಲು ನಮ್ಮ ಮನೆಗೆ ಬಂದು, "ನೀನೂ ಬಾ. ನನಗ ಒಬ್ಬಗ ಆಗೂದಿಲ್ಲ" ಎಂದ. ಹೆಗ್ಗಣ, ಹಾವು, ಮುಸುವ ಯಾವುದಕ್ಕೂ ಅಂಜದ ಮನುಷ್ಯ ಬೀಗತಿಯ ಹೊಸ್ತಿಲು ದಾಟುವಾಗ ನನ್ನ ಹಿಂದೆ ನಿಂತಿದ್ದ. ಸುವರ್ಣಾ ಚೀಲ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಮಾಮಾ ಅವಳ ಕಡೆ ನೋಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೀಗತೇರ, ನಾ ಮಗಳನ್ನ ಕರ್ಕೊಂಡು ಹೋಗಾಕ ಬಂದಿಲ್ರಿ. ಮಾತ ತಪ್ಪೀನಂತ ಹೇಳಾಕ ಬಂದೀನಿ. ಬಾಣಂತಿ ಖೋಲಿ ಅಟ್ಟದ ಮ್ಯಾಲ ಒಂದ ಕಬ್ಬೆಕ್ಕು ಹಡದದ. ಅದಕ ಹೊರಗ ಹಾಕಾಕ ನನಗ ಕೈ ಬರಲಿಲ್ಲ. ಒಂದ ತಾಯಿನ ಹೊರಗ ಹಾಕಿ, ಆ ಜಾಗಾದಾಗ ನನ್ನ ಮಗಳನ್ನ ಮಲಗಸಾಕ ಮನಸ್ಸೂ ಬರಲಿಲ್ಲ. ನಿಮಗ ಸುಳ್ಳ ಹೇಳಾಕೂ ಆಗಲಿಲ್ಲ. ಸುವರ್ಣಾ ಇಲ್ಲೇ ಇರ್ಲಿ. ಬಾಣಂತನಕ್ಕ ಏನೇನ ಬೇಕೋ ನಾ ಇಲ್ಲಿಗೇ ತಂದ ಕೊಡ್ತೀನಿ. ಅವರವ್ವಗ ಇಲ್ಲಿ ಬಂದಿರಾಕ ಮಾತ್ರ ಬ್ಯಾಡ ಅನಬ್ಯಾಡ್ರಿ."

ಸುವರ್ಣಾ ಚೀಲ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತಳು. ಬೀಗತಿ ಈಗ ಸಿಡಿಯುತ್ತಾಳೆ, ಆಗ ಸಿಡಿಯುತ್ತಾಳೆ ಎಂದು ನಾನು ಕಾದೆ.

"ಎಷ್ಟ ಮರಿ?" ಎಂದು ಬೀಗತಿ ಕೂತಲ್ಲಿಂದಲೇ ಕೇಳಿದಳು.

"ಮೂರು."

"ಅದಕ ಊಟ?"

"ನಮ್ಮಾಕಿ ಬಾಳಿಹಣ್ಣ ಇಡಾಕತ್ತಾಳ್ರಿ."

ಬೀಗತಿ ನೆಲ ನೋಡುತ್ತ ಮಾತಾಡಿದಳು. ನನಗೆ ಆ ದನಿಯ ಗುರುತೇ ಹತ್ತಲಿಲ್ಲ.

"ನಾ ನಾಕ ಹಡದೀನ್ರಿ. ನಾಕೂ ಇದೇ ಮನ್ಯಾಗ. ಅವ್ವ ಅಪ್ಪ ನನ್ನ ಲಗ್ನಕ್ಕಿಂತ ಮೊದಲೇ ಹೋಗಿದ್ರು. ಅಣ್ಣ ತಮ್ಮ ಅಂತ ಒಬ್ಬರೂ ಹುಟ್ಟಲಿಲ್ಲ. ಏಳ ತಿಂಗಳ ತುಂಬಿದಾಗ ಓಣ್ಯಾಗ ಗಾಡಿ ಸಪ್ಪಳಾದ್ರ ಎದ್ದ ಬಾಗಿಲಿಗಿ ಬರತಿದ್ದೆ. ಯಾರ್ ಬರ್ತಾರ ನನಗ? ಉಳದ ಹೆಣ್ಣಮಕ್ಕಳು ತವರಿಂದ ಬಂದು ನಮ್ಮವ್ವ ಹಿಂಗ ನೀರ ಎರದಳು, ನಮ್ಮಣ್ಣ ಹಂಗ ತೊಟ್ಟಲ ತಂದ ಅಂತ ಹೇಳ್ತಿದ್ರು. ನಾ ಒಳಗ ಹೋಗಿ ಭಾಂಡಿ ತಿಕ್ಕತಿದ್ದೆ. ತವರಾಗ ಏನ ನಡೀತದ ಅಂತ ನನಗ ಇವತ್ತಿಗೂ ಗೊತ್ತಿಲ್ರಿ. ಅಡವ್ಯಾಗಿನ ಬೆಕ್ಕಿಗಿ ಸುದ್ದಾ ತವರ ಸಿಕ್ತು ನೋಡ್ರಿ."

ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದೇನೆ. ಈ ಮಾತು ನನಗೆ ಗೊತ್ತಿರಲಿಲ್ಲ. ನಾನೇ ಎಷ್ಟು ಸಲ ಅವಳ ಕಟ್ಟೆಯ ಮೇಲೆ ಕೂತು ನನ್ನ ಬಾಣಂತನಕ್ಕೆ ತವರಿನಲ್ಲಿ ಮಾಡಿಕೊಟ್ಟ ಕೊಬ್ಬರಿ ಖಾರ ಹೊಗಳಿಕೊಂಡಿದ್ದೆನೋ! ನನ್ನ ಕಣ್ಣು ತುಂಬಿ ಬಂದವು.

ಬೀಗತಿ ಸೊಸೆಯ ಕಡೆ ತಿರುಗಿದಳು. "ಚೀಲ ತಗೋ. ನಿಮ್ಮಪ್ಪ ಕರಿಯಾಕ ಬಂದಾನ. ಹೋಗು."

ಸುವರ್ಣಾ ಚೀಲ ಎತ್ತಿಕೊಂಡಳು. ಮಾಮಾ ಮಾತ್ರ ನಿಂತ ಜಾಗದಿಂದ ಕದಲಲಿಲ್ಲ. ಟೋಪಿ ತಲೆಗಿಟ್ಟುಕೊಂಡು, ಬೀಗತಿಯ ಎದುರು ಬಂದು ನಿಂತ.

"ನೀನೂ ಏಳ ತಂಗಿ" ಎಂದ. "ನಿನ್ನೂ ಕರಿಯಾಕ ಬಂದೀನಿ ಅಂತ ತಿಳಕೋ. ತಡಾ ಆಗ್ಯಾದ ಖರೇ, ಆದರ ಬಂದೀನಿ. ಎರಡ ಸೀರಿ ಚೀಲದಾಗ ಹಾಕೋ. ಅಲ್ಲಿ ಅಣ್ಣನ ಮನ್ಯಾಗ ನಿಮ್ಮ ವೈನಿ ಅಡಗಿ ಮಾಡಿ ಹಾದಿ ನೋಡಾಕತ್ತಾಳ."

ಬೀಗತಿ ಅವನ ಮುಖವನ್ನೇ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಗಾಡಿಯವನು ಎರಡು ಸಲ ಹಾರ್ನ್ ಹೊಡೆದ. ಮಾಮಾ ಬಾಗಿಲಿಗೆ ಹೋಗಿ, "ಸುಮ್ನಿರೋ, ಹೆಣ್ಣಮಕ್ಕಳು ತವರಿಗಿ ಹೊಂಟಾರ, ಹೊತ್ತಾಗ್ತದ" ಎಂದ.

ಅವಳು ಬಂದಾಗ ಕೈಯಲ್ಲಿ ಚೀಲವಿತ್ತು.